ಅವತ್ತು ಅಪ್ಪ ಮೆಡಲ್ ಹಾಕಿಕೊಂಡಿದ್ದರಂತೆ

ಪ್ರೀತಿಯ ಗೆಳೆಯಾ,

ಊರಿಗೆ ಬಂದು ಹದಿನೈದು ದಿನ ಆಯಿತು. ಕೊಡಗಿನ ನಮ್ಮ ಶನಿವಾರಸಂತೆಯಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಹರಿಯುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿದೆ. ಕಣದ ತುಂಬ ಕಾಫಿ ಹರವಿದ್ದೇವೆ, ಅದನ್ನು ಕಾಯುತ್ತಾ ಕೂತು ನಿನಗೆ ಬರೆಯುತ್ತಿದ್ದೇನೆ. ಈ ವಿಷಯ ಫೋನಿನಲ್ಲಿ ಹೇಳಲು ಹೊರಟರೆ ನನಗೆ ಗಂಟಲು ಕಟ್ಟುತ್ತದೆ.

2023ರ ಜನವರಿ 15 ನೆನಪಿದೆ ಅಲ್ವಾ? ಭಾನುವಾರ, ಸಂಕ್ರಾಂತಿ. ಸೇನಾ ದಿನದ ಪರೇಡ್ ಮೊದಲ ಸಲ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದಿತ್ತು. ದುಬೈನ ಕರಾಮದ ನನ್ನ ಕೋಣೆಯಲ್ಲಿ ನಾವು ಏಳು ಜನ, ಎಲ್ಲರೂ ಕೊಡಗಿನವರೇ. ವಿರಾಜಪೇಟೆ, ಸುಂಟಿಕೊಪ್ಪ, ನಾಪೋಕ್ಲು, ಕುಶಾಲನಗರ. ಅಕ್ಕಿ ರೊಟ್ಟಿ ತಟ್ಟಿದ್ದೆವು. ನೀನು ರಾತ್ರಿ ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದೆ, ಕಣ್ಣು ಕೆಂಪಾಗಿತ್ತು. ಸ್ವಲ್ಪ ಹೊತ್ತು ಮಲಗು ಅಂದರೆ, "ಮನೆಯಲ್ಲಿ ಮದುವೆ ಇಟ್ಟುಕೊಂಡು ಮಲಗೋದಾ ಮಾರಾಯ?" ಅಂದೆ.

ನೀನು ಅಂದದ್ದು ಸರಿ. ಸೇನಾ ದಿನ ಬಂದದ್ದೇ ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರಿಂದ. ಸ್ವಾತಂತ್ರ್ಯ ಸಿಕ್ಕಿ ಹದಿನೇಳು ತಿಂಗಳಾದರೂ ನಮ್ಮ ಸೈನ್ಯಕ್ಕೆ ಬ್ರಿಟಿಷರೇ ಮುಖ್ಯಸ್ಥರಾಗಿದ್ದರು. 1949ರ ಜನವರಿ 15ಕ್ಕೆ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯ ಇದೇ ಶನಿವಾರಸಂತೆಯಲ್ಲಿ ಹುಟ್ಟಿದವರು. ಪಕ್ಕದ ಕೋಣೆಯ ಲಖನೌ ಹುಡುಗ, ನೀವೆಲ್ಲ ಯಾಕೆ ಇಷ್ಟು ಭಾವುಕರಾಗಿದ್ದೀರಿ ಅಂತ ಕೇಳಿದ. ನೀನು ಅವನಿಗೆ 1965ರ ಕಥೆ ಹೇಳಿದೆ. ಕಾರಿಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದದ್ದು. ಹಿಂದೆ ಇವರ ಕೈಕೆಳಗಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಬಿಟ್ಟುಕಳಿಸುತ್ತೇನೆ ಅಂದದ್ದು. ಸೆರೆಯಲ್ಲಿರುವ ಎಲ್ಲ ಜವಾನರೂ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ಬೇರೆ ಲೆಕ್ಕ ಬೇಡ ಅಂತ ಇವರು ಒಪ್ಪದೇ ಇದ್ದದ್ದು. ಆ ಹುಡುಗ ಮತ್ತೆ ಎದ್ದು ಹೋಗಲಿಲ್ಲ, ನಮ್ಮ ಜೊತೆಗೇ ಕೂತ.

ನನಗೆ ಮಾತ್ರ ಇನ್ನೊಂದು ಕಾರಣವೂ ಇತ್ತು. ಪರೇಡ್ ನಡೆದದ್ದು ಎಂಇಜಿಯ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ, ಗೋವಿಂದಸ್ವಾಮಿ ಮೈದಾನದಲ್ಲಿ. ಹಲಸೂರು ಕೆರೆ ಹತ್ತಿರದ ಅದೇ ಸೆಂಟರಿನಲ್ಲಿ ಅಪ್ಪ ರಂಗರೂಟಾಗಿ (ಹೊಸ ಸಿಪಾಯಿಯಾಗಿ) ಬೆವರು ಸುರಿಸಿದ್ದು, ಕಸಂ (ಪ್ರಮಾಣ) ತೆಗೆದುಕೊಂಡದ್ದು. ಹವಾಲ್ದಾರ್ ಆಗಿ ಪೆನ್ಶನ್ ಬಂದವರು. ಬೋಟಿಮ್ ಆ್ಯಪ್‌ನಲ್ಲಿ ಅಪ್ಪನಿಗೆ ಕಾಲ್ ಮಾಡಿ ಫೋನನ್ನು ಟೀವಿ ಪಕ್ಕ ಇಟ್ಟಿದ್ದೆನಲ್ಲ, ನಮ್ಮದು ಇಂಟರ್ನೆಟ್ ಪ್ರಸಾರ, ಅರ್ಧ ನಿಮಿಷ ಹಿಂದೆ ಬೀಳುತ್ತಿತ್ತು. ಅಪ್ಪ ಅಲ್ಲಿಂದ "ಕುದುರೆ ಬಂತು ನೋಡು" ಅನ್ನುವರು. ನಾವು ಕಾಯುತ್ತಾ ಕೂರುವುದು. ಆಮೇಲೆ ಎಎಸ್‌ಸಿ (ಸೇನೆಯ ಸರಬರಾಜು ದಳ) ಕುದುರೆಗಳು ನಮ್ಮ ಪರದೆಗೆ ಬರುವವು. "ಹೆಲಿಕಾಪ್ಟರ್" ಅನ್ನುವರು, ನಾವು ತಲೆ ಎತ್ತುವುದು. ಎಂಇಜಿಯವರನ್ನು ಕಂಡಾಗ "ನಮ್ಮ ತಂಬಿಗಳು" ಅಂದರು (ಎಂಇಜಿ ಜವಾನರನ್ನು ತಂಬಿ ಅಂತಲೇ ಕರೆಯುವುದು), ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಲೈನ್ ಕಟ್ಟಾಯಿತು ಅಂತ ನೀನು ಫೋನ್ ಕೈಗೆತ್ತಿಕೊಂಡೆ. ಕಟ್ಟಾಗಿರಲಿಲ್ಲ. ಇದ್ದಕ್ಕಿದ್ದ ಹಾಗೆ "ಸಾವಧಾನ್!" ಅಂತ ಅಪ್ಪನ ದನಿ. ನಾವು ಏಳೂ ಜನ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದೆವು.

ಅವತ್ತು ಈ ಕಡೆ ಏನಾಯಿತು ಅಂತ ಅಮ್ಮ ನನಗೆ ಹೇಳಿದ್ದು ಮೊನ್ನೆ. ಅಪ್ಪ ಐದು ಗಂಟೆಗೇ ಎದ್ದು ಗಡ್ಡ ಮಾಡಿಕೊಂಡರಂತೆ. ಬೂಟಿಗೆ ಪಾಲಿಶ್ ಹಾಕಿದರಂತೆ. ಟ್ರಂಕಿನಿಂದ ಕೋಟು ತೆಗೆದು, ಮೆಡಲುಗಳನ್ನೆಲ್ಲ ಸಿಕ್ಕಿಸಿಕೊಂಡು ಟೀವಿ ಮುಂದೆ ಕೂತರಂತೆ. ಪಕ್ಕದ ತೋಟದ ಇಬ್ಬರು ಮಾಜಿ ಸೈನಿಕರೂ ಬಂದಿದ್ದರಂತೆ. ರಾಷ್ಟ್ರಗೀತೆಗೆ ಮೂವರೂ ಎದ್ದು ನಿಂತರು, ಒಲೆಯ ಮೇಲೆ ಪೊಂಗಲ್ ಇಟ್ಟಿದ್ದ ಅಮ್ಮನೂ ಸೌಟು ಹಿಡಿದುಕೊಂಡೇ ಬಂದು ನಿಂತರು. ಇದನ್ನೆಲ್ಲ ಅಪ್ಪ ನನಗೆ ಒಂದು ಮಾತೂ ಹೇಳಿಲ್ಲ. ಮೊಣಕಾಲು ನೋವಿರುವ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಕೂರಿಸಲು ನಾನಿರಬೇಕಿತ್ತು. ಮಗ ಒಬ್ಬನೇ, ಅವನೂ ದುಬೈನಲ್ಲಿ. ಆಮೇಲೆ ಪರೇಡ್ ಲಖನೌ, ಪುಣೆ ಅಂತ ಊರಿಂದೂರಿಗೆ ಹೋಗುತ್ತಿದೆ. ಬೆಂಗಳೂರಿನ ಸರದಿ ಮತ್ತೆ ಯಾವಾಗಲೋ. ಇದು ನನಗೆ ತುಂಬಾ ಚುಚ್ಚುತ್ತಿದೆ ಕಣೋ.

ನಿನ್ನೆ ಅವರ ಜೊತೆ ಮಡಿಕೇರಿಗೆ ಹೋಗಿದ್ದೆ, ಮಿಲಿಟರಿ ಕ್ಯಾಂಟೀನಿಗೆ. ವಾಪಸ್ ಬರುವಾಗ, ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಇನ್ನೊಬ್ಬರು, ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೆ ಕರೆದುಕೊಂಡು ಹೋದೆ. ಈಗ ಅದು ಮ್ಯೂಸಿಯಂ. ಒಂದೊಂದು ಫೋಟೋ ಮುಂದೆಯೂ ನಿಂತು ನಿಂತು ನೋಡಿದರು. ಕಾಲು ನೋಯುತ್ತಿದೆಯಾ ಅಂದರೆ, ಇಲ್ಲ ಅಂದರು.

ಕಾಫಿ ಒಣಗಿ ಮೂಟೆ ಕಟ್ಟಿದ ಮೇಲೆ ಅವರನ್ನು ಹಲಸೂರಿಗೆ ಕರೆದುಕೊಂಡು ಹೋಗುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನವರೆಗಾದರೂ ಸರಿ. ನಿನ್ನಿಂದ ಒಂದು ಕೆಲಸ ಆಗಬೇಕು. ಅವತ್ತು ನೀನು ಕೋಣೆಯಲ್ಲಿ ವಿಡಿಯೋ ಮಾಡುತ್ತಿದ್ದೆ. ಅದು ಇನ್ನೂ ನಿನ್ನ ಫೋನಿನಲ್ಲಿದ್ದರೆ ಇವತ್ತೇ ಕಳಿಸು. ಅಪ್ಪ ಕೊಟ್ಟ ಕಮಾಂಡ್ ಅಷ್ಟು ದೂರದಲ್ಲಿ ನಮಗೆ ಹೇಗೆ ಕೇಳಿಸಿತು ಅಂತ ಅವರಿಗೆ ತೋರಿಸಬೇಕು.

ಅಮ್ಮ ನಿನ್ನನ್ನು ಕೇಳಿದರು. ಒಂದು ಕಿಲೋ ಕಾಫಿ ಪುಡಿ ನಿನ್ನ ಹೆಸರಲ್ಲಿ ಎತ್ತಿಟ್ಟಿದ್ದಾರೆ.

ನಿನ್ನ ಗೆಳೆಯ