ಶಹಾಬಾದ್ ಕಲ್ಲಿನ ರಾಡಿ ಡಾಂಬರಿಗೆ ಸೇರಲಿ: ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಶಹಾಬಾದ್, ಚಿತ್ತಾಪುರ ಕಡೆ ಹಾಸುಗಲ್ಲು ಕೊಯ್ದು ಪಾಲಿಶ್ ಮಾಡುವಾಗ ನೀರಿನ ಜೊತೆ ಬೂದು ರಾಡಿ ಹರಿಯುತ್ತದೆ. ಒಣಗಿದ ಮೇಲೆ ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿನಂತೆ ಬೆರಳಿಗೆ ಮೆತ್ತುತ್ತದೆ. ಅದು ಸುಣ್ಣಕಲ್ಲಿನ ಪುಡಿ. ಡಾಂಬರು ಅದಕ್ಕೆ ಚೆನ್ನಾಗಿ ಅಂಟುತ್ತದೆ, ಜಲ್ಲಿಯ ಸಂದು ತುಂಬುವ ಫಿಲ್ಲರ್ ಆಗಲು ತಕ್ಕದ್ದು. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆ ಸಿಮೆಂಟು, ಸುಣ್ಣದ ಜೊತೆ ಕಲ್ಲುಪುಡಿಯನ್ನೂ ಫಿಲ್ಲರ್ ಎಂದು ಒಪ್ಪಿದೆ. ಕಲಬುರಗಿ ಭಾಗದ ಟೆಂಡರುಗಳಲ್ಲಿ ಈ ಪುಡಿಯನ್ನು ಹೆಸರು, ದರ ಸಹಿತ ಬರೆಸಿ ಎಂದು ಕೇಳುತ್ತಿದ್ದೇವೆ.

ಆದರೆ ಸಿಕ್ಕಲ್ಲಿಂದ ತುಂಬಿಕೊಂಡು ಹೋದರೆ ಕೆಲಸ ಕೆಡುತ್ತದೆ. ಎರೆಮಣ್ಣಿನ ಮೇಲೆ ಸುರಿದ ರಾಡಿಗೆ ಜೇಡಿ ಸೇರಿರುತ್ತದೆ. ಜೇಡಿಯಂತೆ ಮೆತ್ತಗಾಗುವ ಗುಣವನ್ನು ಅಳೆಯುವ ಪ್ಲಾಸ್ಟಿಸಿಟಿ ಸೂಚ್ಯಂಕ 4 ದಾಟಿದ ಪುಡಿ ಬೇಡವೇ ಬೇಡ. ಜೇಡಿ ನೀರು ಕುಡಿದು ಉಬ್ಬಿ ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತದೆ. ರಾಡಿಯನ್ನು ಯಂತ್ರದ ಪಕ್ಕದ ತೊಟ್ಟಿಯಲ್ಲೇ ಹಿಡಿದು, ಒಣಗಿಸಿ, ಹೆಂಟೆ ಒಡೆದು ಜರಡಿ ಹಿಡಿಯಬೇಕು. 0.6 ಮಿ.ಮೀ. ಜರಡಿಯಲ್ಲಿ ಪೂರ್ತಿ, 0.075 ಮಿ.ಮೀ. ಜರಡಿಯಲ್ಲಿ ಕನಿಷ್ಠ ಶೇ. 85 ಇಳಿಯಬೇಕು.

ಜಲ್ಲಿ ಕಾಯಿಸಿ ಡಾಂಬರು ಬೆರೆಸುವ ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ಈ ಪುಡಿಯನ್ನು ಜಲ್ಲಿಯ ಬಿನ್ನಿಗೆ ಸುರಿದರೆ ಜಲ್ಲಿ ಒಣಗಿಸುವ ಡ್ರೈಯರಿನ ಗಾಳಿಗೆ ಹಾರಿಹೋಗುತ್ತದೆ. ಫಿಲ್ಲರ್ ತುಂಬಿಡುವ ಸೈಲೊದಿಂದ ತೂಗಿ ನೇರ ಮಿಕ್ಸರಿಗೆ ಬಿಡಬೇಕು. ತೇವ ಉಳಿದರೆ ಗಂಟು ಕಟ್ಟುತ್ತದೆ. ಹೊಸ ರಸ್ತೆಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಡಾಂಬರು ತಾಗದ ಗಂಟು, ಮಳೆಗೆ ಮೊದಲು ಕಿತ್ತುಬರುವುದು ಅಲ್ಲಿಯೇ.

7 ಮೀಟರ್ ಅಗಲ, 40 ಮಿ.ಮೀ. ದಪ್ಪದ ಮೇಲ್ಪದರಕ್ಕೆ ಕಿಲೋಮೀಟರಿಗೆ ಸುಮಾರು 670 ಟನ್ ಮಿಶ್ರಣ ಬೇಕು. ಶೇ. 3ರಂತೆ ಪುಡಿ 20 ಟನ್. ರಾಡಿ ಬೇಗ ಖಾಲಿಯಾಗಲಿ ಎಂದು ಇದನ್ನು ಏರಿಸಬೇಡಿ; ಪುಡಿ ಡಾಂಬರು ಹೀರಿ ರಸ್ತೆ ಬಿರಿಯುತ್ತದೆ. ಕಲ್ಲಿನ ಚೂರುಗಳನ್ನು ಮೇಲ್ಪದರದ ಜಲ್ಲಿಯಾಗಿ ಹಾಕುವುದಕ್ಕಂತೂ ನಮ್ಮ ವಿರೋಧವಿದೆ. ಅವು ಚಪ್ಪಟೆ, ಚಕ್ರ ಉಜ್ಜಿ ಉಜ್ಜಿ ನುಣುಪಾದರೆ ಮಳೆಯಲ್ಲಿ ಗಾಡಿ ಜಾರುತ್ತದೆ. ಇಳಕಲ್ಲಿನ ಗ್ರಾನೈಟ್ ಪುಡಿಯ ಲೆಕ್ಕವೇ ಬೇರೆ: ಸಿಲಿಕಾ ಜಾಸ್ತಿ, ನೀರು ತಾಗಿದರೆ ಡಾಂಬರು ಬಿಡುತ್ತದೆ, ಸುಣ್ಣ ಬೆರೆಸದೆ ಬಳಸಕೂಡದು.

ಮೊದಲು 1 ಕಿ.ಮೀ. ಮಾಡಿಸಿ. 500 ಮೀಟರ್ ಈ ಪುಡಿ, 500 ಮೀಟರ್ ವಾಡಿಕೆಯ ಫಿಲ್ಲರ್; ಜಲ್ಲಿ, ಪ್ಲಾಂಟು ಎರಡಕ್ಕೂ ಒಂದೇ ಇರಲಿ. ಮಿಶ್ರಣ ಎಷ್ಟು ಭಾರ ತಾಳುತ್ತದೆಂದು ಹೇಳುವ ಮಾರ್ಷಲ್ ಸ್ಥಿರತೆ ಕನಿಷ್ಠ 9 ಕಿಲೋನ್ಯೂಟನ್ ಬಾರದಿದ್ದರೆ, ಇಲ್ಲವೇ ನೀರಲ್ಲಿ ನೆನೆಸಿದ ಮೇಲೆ ಎಳೆತ ತಾಳುವ ಬಲ ಶೇ. 80 ಉಳಿಯದಿದ್ದರೆ ಹಾಸಲು ಬಿಡಬೇಡಿ. ಎರಡು ಮಳೆಗಾಲ ಕಳೆದ ಮೇಲೆ ಎರಡೂ ತುಂಡಿನಿಂದ ಕೋರ್ (ರಸ್ತೆ ಕೊರೆದು ತೆಗೆಯುವ ಮಾದರಿ) ತೆಗೆಸಿ, ಪರೀಕ್ಷಿಸಿ, ಫಲಿತಾಂಶವನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿಸಿ.

ಇಂತಿ,
ರಸ್ತೆ ಸಾಮಗ್ರಿ ಪರೀಕ್ಷೆಯ ಕೆಲಸದಲ್ಲಿರುವವರು