ತಪಾಸಣೆಯಷ್ಟೇ ಸಾಲದು, ಶಾಲೆಯಲ್ಲೇ ಹಲ್ಲಿನ ಚಿಕಿತ್ಸೆ ಸಿಗಲಿ

ಮಾನ್ಯ ಸಂಪಾದಕರೇ,

ಗ್ರಾಮೀಣ ಶಾಲೆಗಳಲ್ಲಿ ಉಚಿತ ದಂತ ತಪಾಸಣಾ ಶಿಬಿರ ನಡೆದ ಸುದ್ದಿ ಪತ್ರಿಕೆಗಳಲ್ಲಿ ಚಿತ್ರಸಹಿತ ಆಗಾಗ ಬರುತ್ತಿರುತ್ತದೆ. ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನಾನು ಇಂಥ ಹಲವು ಶಿಬಿರಗಳಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೇನೆ. ಬಂದವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹುಳುಕು ಹಲ್ಲುಗಳನ್ನು ಎಣಿಸಿ, ಬ್ರಷ್ಷು, ಪೇಸ್ಟು ಹಂಚಿ, ‘ಆಸ್ಪತ್ರೆಗೆ ತೋರಿಸಿ’ ಎಂದು ಚೀಟಿ ಬರೆದುಕೊಟ್ಟು ಹೊರಟರೆ ಮಗುವಿನ ನೋವು ಇದ್ದಲ್ಲೇ ಇರುತ್ತದೆ.

ಆ ಚೀಟಿ ವಾರ ಕಳೆದರೂ ಬ್ಯಾಗಿನ ತಳದಲ್ಲಿ ಪೆನ್ಸಿಲ್ ಹೆರೆದ ಪುಡಿಯ ಜೊತೆ ಮುದುಡಿ ಬಿದ್ದಿರುತ್ತದೆ. ಇದನ್ನು ತಂದೆತಾಯಿಯ ಅಸಡ್ಡೆ ಎಂದುಬಿಡುವುದು ಸುಲಭ. ಮಗುವನ್ನು ಪಟ್ಟಣಕ್ಕೆ ಕರೆದೊಯ್ಯಲು ಮನೆಯಲ್ಲೊಬ್ಬರು ಕೂಲಿ ಬಿಡಬೇಕು. ಹೋದ ದಿನ ದಂತ ವೈದ್ಯರು ರಜೆಯಲ್ಲಿದ್ದರೆ ಮತ್ತೊಮ್ಮೆ ಅಷ್ಟೇ ಖರ್ಚು. ಹೀಗಾಗಿ ಲವಂಗ ಜಜ್ಜಿ ಹತ್ತಿಯಲ್ಲಿಟ್ಟು ಕಚ್ಚಿಸಿ ದಿನ ತಳ್ಳುತ್ತಾರೆ. ಕಡಲೆಕಾಯಿ ಬೆಳೆಯುವ ಸೀಮೆಯ ಮಕ್ಕಳೇ ಹುರಿದ ಕಾಯಿ ಅಗಿಯಲಾಗದೆ ಪಕ್ಕದವರಿಗೆ ಕೊಟ್ಟುಬಿಡುವುದನ್ನು ಕಂಡಿದ್ದೇನೆ. ಕೊನೆಗೆ ಕೆನ್ನೆ ಊದಿಕೊಂಡಾಗ ಸಾಲ ಮಾಡಿ ಖಾಸಗಿ ಕ್ಲಿನಿಕ್ಕಿಗೆ ಓಡಿ ಹಲ್ಲು ಕೀಳಿಸಿಕೊಂಡು ಬರುತ್ತಾರೆ.

ಇಲ್ಲೊಂದು ಸಂಗತಿ ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲ. ಮಗುವಿಗೆ ಸುಮಾರು 6 ವರ್ಷವಾದಾಗ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದು ಹಾಲುಹಲ್ಲುಗಳ ಹಿಂದೆ ಹೊಸದಾಗಿ ಬರುವುದರಿಂದ, ಅದಕ್ಕಾಗಿ ಯಾವ ಹಲ್ಲೂ ಬೀಳದಿರುವುದರಿಂದ, ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿದು ‘ಹೇಗೂ ಬಿದ್ದುಹೋಗುತ್ತದೆ’ ಎಂದು ಸುಮ್ಮನಾಗುತ್ತಾರೆ. ಜೀವನಪೂರ್ತಿ ಇರಬೇಕಾದ ಹಲ್ಲು ನಾಲ್ಕನೆಯ ತರಗತಿ ದಾಟುವುದರೊಳಗೆ ಹುಳುಕಾಗಿರುತ್ತದೆ. ಆದ್ದರಿಂದ ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿಯ ಮಕ್ಕಳ ಮೇಲೆ ಮೊದಲು ಗಮನವಿಡಬೇಕು. ಎರಡನೆಯ ದವಡೆ ಹಲ್ಲು ಬರುವ 12ರ ಸುಮಾರಿಗೆ ಇನ್ನೊಮ್ಮೆ ನೋಡಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳಲ್ಲಿ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಸೇರಿದೆ. ಆದರೆ ಶಾಲೆಗೆ ಬರುವ ಸಂಚಾರಿ ತಂಡದಲ್ಲಿ ಆಯುಷ್ ವೈದ್ಯರು, ಶುಶ್ರೂಷಕಿ, ಫಾರ್ಮಸಿಸ್ಟ್ ಇರುತ್ತಾರೆಯೇ ಹೊರತು ದಂತ ವೈದ್ಯರಿಗೆ ಅದರಲ್ಲಿ ಜಾಗವಿಲ್ಲ. ಗುರುತಿಸುವವರು ಊರಿಗೆ ಬರುತ್ತಾರೆ, ವಾಸಿ ಮಾಡುವವರ ಬಳಿಗೆ ಮಗುವೇ ಹೋಗಬೇಕು ಎನ್ನುವ ಏರ್ಪಾಡು ಇದು.

ಶಾಲೆಯ ಕೊಠಡಿಯಲ್ಲಿ ಹಲ್ಲಿನ ಚಿಕಿತ್ಸೆ ಸಾಧ್ಯವೇ ಎಂದು ಕೇಳುವವರಿದ್ದಾರೆ. 1980ರ ದಶಕದಲ್ಲಿ ತಾಂಜಾನಿಯಾದ ಹಳ್ಳಿಗಾಡಿನಲ್ಲಿ ರೂಪುಗೊಂಡು, 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸಿದ ವಿಧಾನವೊಂದರಲ್ಲಿ ವಿದ್ಯುತ್ತೂ ಬೇಡ, ಕೊರೆಯುವ ಯಂತ್ರವೂ ಬೇಡ. ಕೈ ಉಪಕರಣದಿಂದ ಹುಳುಕನ್ನು ಕೆರೆದು ತೆಗೆದು, ಗ್ಲಾಸ್ ಅಯಾನೊಮರ್ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬಿದರಾಯಿತು. ಮಗು ಬೆಂಚಿನ ಮೇಲೆ ಮಲಗಿದ್ದರೆ ಸಾಕು. ಹುಳುಕು ಮುಂದುವರಿಯದಂತೆ ತಡೆಯಲು ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವೂ ಈ ಸಿಮೆಂಟೂ 2021ರಲ್ಲಿ ಆ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿವೆ. ದ್ರಾವಣ ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ಮಾತ್ರ ಪೋಷಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಮರುದಿನವೇ ಶಾಲೆಯ ಮುಂದೆ ಜಗಳ.

ಮಾಡುವವರು ಯಾರು ಎಂಬ ಪ್ರಶ್ನೆಗೂ ರಾಜ್ಯದಲ್ಲೇ ಉತ್ತರವಿದೆ. ನಮ್ಮಲ್ಲಿ 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಬಿಡಿಎಸ್ ಮುಗಿಸುವ ಪ್ರತಿಯೊಬ್ಬರೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಲೇಬೇಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆಯಲ್ಲಿ ಇದೇ ಕಾಲೇಜುಗಳನ್ನು ಸರ್ಕಾರ ಜೊತೆಗೂಡಿಸಿಕೊಂಡಿತ್ತು. ಹಲ್ಲು ಕಳೆದುಕೊಂಡವರಿಗೆ ಮಾಡಿದ್ದನ್ನು ಹಲ್ಲು ಈಗಷ್ಟೇ ಬರುತ್ತಿರುವವರಿಗೆ ಮಾಡಲು ಅಡ್ಡಿಯೇನು? ಒಂದೊಂದು ಕಾಲೇಜಿಗೆ ಇಂತಿಷ್ಟು ತಾಲ್ಲೂಕು ಎಂದು ಗೊತ್ತುಮಾಡಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇಂಟರ್ನ್‌ಗಳ ತಂಡ ಪ್ರತಿ ಶಾಲೆಗೂ ವರ್ಷಕ್ಕೆರಡು ಬಾರಿ ಬರುವಂತೆ ಮಾಡಬಹುದು. ಎರಡನೆಯ ಭೇಟಿ ಮುಖ್ಯ, ಏಕೆಂದರೆ ತುಂಬಿದ ಸಿಮೆಂಟು ನಿಂತಿದೆಯೇ ಎಂದು ಆಗಷ್ಟೇ ತಿಳಿಯುತ್ತದೆ.

ಪಾವಗಡದಂತಹ ಕಡೆ ಕೊಳವೆಬಾವಿ ನೀರಿನಲ್ಲಿನ ಅತಿಯಾದ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದಾಗಿರುತ್ತದೆ. ‘ಸರಿಯಾಗಿ ಉಜ್ಜುವುದಿಲ್ಲ’ ಎಂದು ಆ ಮಕ್ಕಳನ್ನು ಎಲ್ಲರೆದುರು ಗದರಿಸಿದ ಶಿಬಿರವನ್ನೂ ನೋಡಿದ್ದೇನೆ. ಕಲೆಗೂ ಕೊಳೆಗೂ ವ್ಯತ್ಯಾಸ ತಿಳಿದವರು ಬರಲಿ. ಬಂದವರು ಆ ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನೂ ಕೇಳಿ ನೋಡಲಿ.

ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಕೂಡಿ ಮುಂದಿನ ಶೈಕ್ಷಣಿಕ ವರ್ಷಕ್ಕೆ ಕನಿಷ್ಠ ಒಂದೆರಡು ತಾಲ್ಲೂಕುಗಳಲ್ಲಾದರೂ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ. ಶಿಬಿರದ ವರದಿಯಲ್ಲಿ ‘ತಪಾಸಣೆಗೊಳಗಾದ ಮಕ್ಕಳು’ ಎಂಬ ಅಂಕಣದ ಪಕ್ಕದಲ್ಲಿ ‘ಚಿಕಿತ್ಸೆ ಪೂರ್ಣಗೊಂಡ ಮಕ್ಕಳು’ ಎಂಬ ಇನ್ನೊಂದು ಅಂಕಣವನ್ನು ಕಡ್ಡಾಯ ಮಾಡುವುದಕ್ಕಂತೂ ಅನುದಾನವೇನೂ ಬೇಕಾಗಿಲ್ಲ.

ಇಂತಿ,
ನಿವೃತ್ತ ಶಿಕ್ಷಕ,
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ