ಆ ರಾಜೀನಾಮೆ ಹಾಳೆಯನ್ನು ಒಮ್ಮೆ ತರಿಸಿ ನೋಡಿ

ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಗಾರ್ಮೆಂಟ್ಸ್ ಆರ್ಡರು ಬಾಂಗ್ಲಾದೇಶಕ್ಕೋ ಇಥಿಯೋಪಿಯಾಕ್ಕೋ ಹೋದಾಗ ಪೀಣ್ಯದಲ್ಲಾಗಲಿ ಬೊಮ್ಮನಹಳ್ಳಿಯಲ್ಲಾಗಲಿ ಒಂದೇ ದಿನಕ್ಕೆ ಗೇಟಿಗೆ ಬೀಗ ಬೀಳುವುದು ಅಪರೂಪ. ಕಾರ್ಖಾನೆ ಸವೆಯುತ್ತದೆ. ಮೊದಲು ಓಟಿ, ಅಂದರೆ ಹೆಚ್ಚುವರಿ ಅವಧಿಯ ಕೆಲಸ, ನಿಲ್ಲುತ್ತದೆ. ಕಟಿಂಗ್ ಟೇಬಲ್ಲಿನ ಮೇಲೆ ಹಾಸುವ ಬಟ್ಟೆಯ ಪದರ ಕಡಿಮೆಯಾಗುತ್ತದೆ. ಹೊಲಿಗೆ ಮಷೀನುಗಳ ಎರಡು ಲೈನು ಸೇರಿ ಒಂದಾಗುತ್ತದೆ, ಖಾಲಿಯಾದ ಲೈನಿನ ಮಷೀನುಗಳು ಲಾರಿ ಹತ್ತುತ್ತವೆ. ಆಮೇಲೆ ದೂರದ ಘಟಕಕ್ಕೆ ವರ್ಗ. ಸ್ಕೂಲಿಗೆ ಹೋಗುವ ಮಕ್ಕಳಿರುವ ಟೈಲರಮ್ಮ ಅಷ್ಟು ದೂರ ಹೋಗಲಾರಳೆಂಬುದು ವರ್ಗ ಮಾಡಿದವರಿಗೂ ಗೊತ್ತು. ಕೊನೆಗೆ ಎಚ್‌ಆರ್ ಮೇಜಿನ ಮೇಲೆ ಟೈಪು ಮಾಡಿಟ್ಟ ರಾಜೀನಾಮೆ ಹಾಳೆ: ‘ನನ್ನ ಸ್ವಂತ ಕಾರಣದಿಂದ...’ ಎಲ್ಲರಿಗೂ ಒಂದೇ ಕಾರಣ, ತಾರೀಖಿನ ಜಾಗ ಮಾತ್ರ ಖಾಲಿ.

ಆರ್ಡರು ಹೊರಗೆ ಹೋಗುವಂತೆ ಮಾಡುವ ಸುಂಕದ ವಿಚಾರ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ಬಾಂಗ್ಲಾದೇಶದ ಬಟ್ಟೆಗೆ ಯುರೋಪಿನಲ್ಲಿ 2001ರಿಂದ ವಿಶೇಷ ಸುಂಕ ವಿನಾಯಿತಿ ಇದೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿಗೆ ಶೇ. 50 ಸುಂಕ ಹಾಕಿದ್ದನ್ನೂ ನೀವು ತಡೆಯಲಾಗುತ್ತಿರಲಿಲ್ಲ. ಆದರೆ ಆ ಹಾಳೆ ನಿಮ್ಮ ಇಲಾಖೆಯ ವ್ಯಾಪ್ತಿಗೇ ಬರುತ್ತದೆ.

ಅದರ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ತಿಂಗಳಿಗೆ 13,000 ರೂಪಾಯಿ ವೇತನ, 8 ವರ್ಷದ ಸೇವೆ ಎಂದಿಟ್ಟುಕೊಳ್ಳಿ. ಮಾಲೀಕರೇ ಕೆಲಸದಿಂದ ತೆಗೆದರೆ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ 52,000. ಒಂದು ತಿಂಗಳ ನೋಟಿಸ್ ಕೊಡದಿದ್ದರೆ ಅದರ ಬದಲು 13,000. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ವೇತನವಿದೆ, 6,500. 45 ದಿನದೊಳಗೆ ಖಾತೆಗೆ ಬೀಳಬೇಕು. ಒಟ್ಟು 71,500. ರಾಜೀನಾಮೆಗೆ ಸಹಿ ಬಿತ್ತೋ, ಇಷ್ಟೂ ಹೋಯಿತು. ಗ್ರಾಚ್ಯುಟಿ 60,000 ಬೇರೆ, ಅದು ಉಳಿಯುತ್ತದೆ. ಆದರೆ ಕಾಯಂ ಕೆಲಸದಲ್ಲಿ 5 ವರ್ಷ ತುಂಬದವರಿಗೆ ಅದೂ ಇಲ್ಲ. ವರ್ಗದ ಪತ್ರ ನಾಲ್ಕನೇ ವರ್ಷದಲ್ಲೇ ಕೈಗೆ ಬಂದರೆ ಅನುಮಾನ ಪಡುವುದು ತಪ್ಪೇ?

ಸವೆಸುವುದರಲ್ಲಿ ಇನ್ನೊಂದು ಲಾಭವಿದೆ. ಹಿಂದಿನ 12 ತಿಂಗಳಲ್ಲಿ ಸರಾಸರಿ 300 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮಾತ್ರ ಮುಚ್ಚಲು 90 ದಿನ ಮೊದಲೇ ಸರ್ಕಾರದ ಅನುಮತಿ ಕೇಳಬೇಕು. ಹಳೆಯ ಕಾಯ್ದೆಯಲ್ಲಿ ಈ ಮಿತಿ 100 ಇತ್ತು. 600 ಜನರ ಘಟಕದಲ್ಲಿ ತಿಂಗಳಿಗೆ 30 ಜನರಿಂದ ರಾಜೀನಾಮೆ ಬರೆಸಿಕೊಂಡರೆ ಒಂದೂವರೆ ವರ್ಷದೊಳಗೆ ಆ ಸರಾಸರಿ 300ರ ಕೆಳಗೆ ಇಳಿಯುತ್ತದೆ. ಆಗ ಅರ್ಜಿಯೂ ಬೇಡ, ವಿಚಾರಣೆಯೂ ಬೇಡ. ಈ ಮಿತಿಯನ್ನು ರಾಜ್ಯ ಸರ್ಕಾರ ಏರಿಸಬಹುದು, ಇಳಿಸುವಂತಿಲ್ಲ. ದಯವಿಟ್ಟು ಏರಿಸಬೇಡಿ.

ಇದನ್ನೆಲ್ಲ ಪತ್ತೆ ಹಚ್ಚಲು ಹೊಸ ಸಮಿತಿ ಬೇಕಿಲ್ಲ. ಪ್ರತಿ ತಿಂಗಳು 15ರೊಳಗೆ ಕಾರ್ಖಾನೆ ಪಿಎಫ್ ಮತ್ತು ಇಎಸ್‌ಐ ವಂತಿಗೆ ಕಟ್ಟುತ್ತದೆ, ಒಬ್ಬೊಬ್ಬರ ಹೆಸರಿನ ಸಮೇತ. ಆ ಎರಡು ಸಂಸ್ಥೆಗಳು ಕೇಂದ್ರದವು, ನಿಜ; ಪತ್ರ ಬರೆದು ಪಟ್ಟಿ ತರಿಸಿಕೊಳ್ಳಿ. ಸತತ ಮೂರು ತಿಂಗಳು ಹೆಸರುಗಳು ಕಮ್ಮಿಯಾದ ಘಟಕ ತಾನಾಗಿಯೇ ಕಾಣುತ್ತದೆ. ಮಷೀನಿನದೂ ಹಾಗೆಯೇ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಪತ್ರ ಬೇಕು, ಅದರಲ್ಲಿ ಹೊಲಿಗೆ ಯಂತ್ರವನ್ನು ಗುರುತಿಸುವ ಎಚ್‌ಎಸ್‌ಎನ್ (ಸರಕಿನ ವರ್ಗೀಕರಣ) ಸಂಖ್ಯೆ 8452. ವಾಣಿಜ್ಯ ತೆರಿಗೆ ಇಲಾಖೆ ನಿಮ್ಮದೇ ಸರ್ಕಾರದ್ದು. ಲಾರಿ ಯಾವತ್ತು ಎಲ್ಲಿಗೆ ಹೋಯಿತೆಂಬುದು ಅಲ್ಲಿದೆ.

ಒಂದೇ ತಿಂಗಳಲ್ಲಿ 10ಕ್ಕಿಂತ ಹೆಚ್ಚು ರಾಜೀನಾಮೆ ಬಂದ ಘಟಕಕ್ಕೆ ಕಾರ್ಮಿಕ ನಿರೀಕ್ಷಕರು ಹೋಗಲಿ. ಸಹಿ ಹಾಕಿದವರ ಜೊತೆ ಸೂಪರ್‌ವೈಸರ್, ಎಚ್‌ಆರ್ ಎದುರಿಗಿಲ್ಲದ ಕಡೆ, ಸಾಧ್ಯವಾದರೆ ಅವರ ಮನೆ ಹತ್ತಿರವೇ ಮಾತಾಡಲಿ. ನಿರೀಕ್ಷಕರು ಬಂದು ಹೋಗುವವರೆಗೆ ರಾಜೀನಾಮೆಯ ಲೆಕ್ಕ ಚುಕ್ತಾ ಮಾಡಿದ ಸೆಟ್ಲ್‌ಮೆಂಟ್ ಕಾಗದ ಅಂತಿಮವಲ್ಲ ಎಂದು ಸುತ್ತೋಲೆ ಹೊರಡಿಸಿ. ಕನ್ನಡದಲ್ಲಿ ಹೊರಡಿಸಿ, ಗೇಟಿನ ಬಳಿಯ ನೋಟಿಸ್ ಬೋರ್ಡಿಗೇ ಅಂಟಿಸಲು ಹೇಳಿ.

ಇಂತಿ,
ಗಾರ್ಮೆಂಟ್ಸ್ ಕಾರ್ಮಿಕರ ಲೆಕ್ಕಪತ್ರ ನೋಡಿಕೊಳ್ಳುವ ಕೆಲವರು